ಕೇಳಿಸಿಕೊಳ್ಳುವ ಕೆಲಸ

ಕನ್ನಡಕದ ಅಂಗಡಿಯ ಮೇಲಿದ್ದ ನಮ್ಮ ಹಳೆಯ ಕ್ಲಿನಿಕ್ಕಿಗೆ ಮರದ ಮೆಟ್ಟಿಲಿತ್ತು. ಬರುವವರ ಮನಸ್ಸು ಹೇಗಿದೆ ಎನ್ನುವುದು ಅರ್ಧಕ್ಕರ್ಧ ಆ ಮೆಟ್ಟಿಲ ಮೇಲೇ ಗೊತ್ತಾಗಿಬಿಡುತ್ತಿತ್ತು. ಕೆಲವರು ನಡುವೆ ನಿಂತು, ಇಳಿದು, ಮತ್ತೆ ಹತ್ತುತ್ತಿದ್ದರು. ಕೆಲವರು ಒಂದೇ ಉಸಿರಿಗೆ ಓಡಿಬಂದು ಬಾಗಿಲ ಹೊರಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ಈಗ ನನ್ನಲ್ಲಿಗೆ ಬರುವ ಬಹಳ ಮಂದಿ ಕಂಪ್ಯೂಟರಿನ ಪರದೆಯ ಮೇಲೆಯೇ ಬರುತ್ತಾರೆ. ಗುಂಡಿ ಒತ್ತಿದರೆ ಮುಖ. ಅದರಿಂದ ಚಿಕಿತ್ಸೆಗೇನೂ ಕುಂದಾಗಿಲ್ಲ, ನಾನೇ ಲೆಕ್ಕ ಇಟ್ಟು ನೋಡಿದ್ದೇನೆ. ಆದರೂ ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವಿನ ಬಿಡುವಿನಲ್ಲಿ ನನ್ನ ಕಿವಿ ಮೆಟ್ಟಿಲಿಗಾಗಿ ಕಾಯುತ್ತದೆ.

ನಾವು ಆಪರೇಟರಮ್ಮ ಎಂದು ಕರೆಯುತ್ತಿದ್ದವರು ಮೊದಲ ಸಲ ಬಂದ ದಿನ ಕೇಳಿಸಿದ್ದು ಎರಡು ಜೋಡಿ ಕಾಲು, ಒಂದು ದೊಡ್ಡ ಗಂಟಲು.

“ಇನ್ನೂ ಎಷ್ಟು ಹತ್ತಬೇಕೇ?”

“ರೀ, ಮೆಲ್ಲಗೆ. ಬೀದಿಗೆಲ್ಲ ಕೇಳುತ್ತೆ.”

“ಏನಂದೆ?”

ಗಂಟಲು ಅವರ ಗಂಡನದು. ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ನಿಂತು ನಿಂತು ಅವರ ಕಿವಿ ಮಂದವಾಗಿತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಅವರು ವಿಷಯ ಸಾರಿಬಿಟ್ಟರು: “ಇವಳಿಗೆ ಫೋನ್ ಅಂದ್ರೆ ಭಯ ಡಾಕ್ಟ್ರಮ್ಮ! ಹುಡುಗಿಯಾಗಿದ್ದಾಗಿಂದ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದವಳು. ಈಗ ಫೋನ್ ಎತ್ತಿದ್ರೆ ಕೈ ನಡುಗುತ್ತಂತೆ. ಬಾಣಸಿಗನಿಗೆ ಒಲೆ ಕಂಡ್ರೆ ಭಯ ಅಂದ ಹಾಗಾಯ್ತಲ್ಲ!”

ಹೊರಗಿನ ಕೋಣೆಯಲ್ಲಿ ಕಾದು ಕೂತಿದ್ದವರಿಗೆಲ್ಲ ರೋಗ ಏನೆಂದು ತಿಳಿದುಹೋಯಿತು. ನಮ್ಮ ಸ್ವಾಗತದ ಮೇಜಿನ ಹುಡುಗಿ, ಇಡೀ ಕ್ಲಿನಿಕ್ ‘ಪಟಾಕಿ’ ಎಂದು ಕರೆಯುತ್ತಿದ್ದವಳು, ಒಳಗೆ ಬಂದು ಅವರ ತೋಳು ಹಿಡಿದು, “ಯಜಮಾನ್ರೇ, ನೀವು ನನ್ನ ಹತ್ರ ಬನ್ನಿ, ನಾವಿಬ್ರೂ ಕಿರುಚಾಡೋಣ” ಎಂದು ಕರೆದುಕೊಂಡು ಹೋದಳು.

ಉಳಿದ ಹೆಂಗಸು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವರ ದನಿ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ತಗ್ಗಿದ ದನಿ, ಆದರೆ ಒಂದಕ್ಷರವೂ ಕಳೆದುಹೋಗುತ್ತಿರಲಿಲ್ಲ. ಎಲ್ಲ ಮಾತನ್ನೂ ತೊಳೆದು ಒಣಗಿಸಿ ಮಡಿಸಿಟ್ಟ ಹಾಗೆ ಹೇಳುತ್ತಿದ್ದರು.

ನಡೆದಿದ್ದು ಇಷ್ಟು. ಕರೆಗಳನ್ನು ಕೈಯಿಂದ ಜೋಡಿಸುವ ಹಳೆಯ ಬೋರ್ಡನ್ನು ಕಳಚಿಹಾಕಿ ಎಕ್ಸ್‌ಚೇಂಜಿನವರು ತಾನಾಗಿಯೇ ಜೋಡಿಸುವ ಯಂತ್ರ ತಂದಿದ್ದರು. ಆಪರೇಟರುಗಳಲ್ಲಿ ಹಲವರು ಮನೆಗೆ ಹೋದರು. ಇವರನ್ನು ದೂರು ವಿಭಾಗಕ್ಕೆ ಹಾಕಿದರು. ಫೋನು ಕೆಟ್ಟವರು, ಬಿಲ್ಲು ತಪ್ಪು ಬಂದವರು ಮಾಡುವ ಕರೆಗಳನ್ನು ತೆಗೆದುಕೊಂಡು ಸಮಾಧಾನ ಹೇಳುವ ಕೆಲಸ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಧಿಕಾರಿ ಬಂದು ಪಕ್ಕದಲ್ಲಿ ಕೂತು ಎರಡನೇ ಹೆಡ್‌ಸೆಟ್ ಹಾಕಿಕೊಂಡು ಒಂದು ಬೆಳಗಿನ ಕರೆಗಳನ್ನೆಲ್ಲ ಕೇಳುತ್ತಾರೆ. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಹಾರ ಹಾಕಿ ಬೀಳ್ಕೊಡುಗೆ.

“ಕರೆ ಬರುತ್ತೆ, ಎತ್ಕೋತೀನಿ, ನಮಸ್ಕಾರ ಅಂತೀನಿ. ಅಲ್ಲೀವರೆಗೆ ಸರಿ,” ಎಂದರು. “ಆಮೇಲೆ ಎದೆ ಹೊಡ್ಕೊಳ್ಳೋಕೆ ಶುರು. ಗಂಟಲು ಕಟ್ಟುತ್ತೆ. ಹೆಡ್‌ಸೆಟ್ ಕಿತ್ತಿಟ್ಟು ಬಾತ್‌ರೂಮಿಗೆ ಓಡ್ತೀನಿ. ಪಕ್ಕದವಳು ನನ್ನ ಕರೇನೂ ತಗೋತಾಳೆ. ಎಷ್ಟು ದಿನ ಅಂತ ತಗೋತಾಳೆ, ಹೇಳಿ?”

“ಮನೇಲಿ ಏನಂತಾರೆ?”

“ಸಾಕು ಬಿಡು, ಮನೇಲಿರು ಅಂತಾರೆ. ಮಗಳು ನರ್ಸಿಂಗ್ ಓದ್ತಿದಾಳೆ, ಅವಳೂ ಅದನ್ನೇ ಹೇಳ್ತಾಳೆ. ನೀವು ಮಾತ್ರ ಹಾಗನ್ನಬೇಡಿ ಡಾಕ್ಟ್ರಮ್ಮ. ಬೆಳಿಗ್ಗೆ ಎದ್ದು, ಸೀರೆ ಉಟ್ಟು, ಬಸ್ ಹಿಡಿದು ಎಲ್ಲಿಗೋ ಹೋಗಬೇಕು ನಾನು. ಕಿಟಕೀಲಿ ಕೂತು ಬೇರೆಯವರು ಹೋಗೋದನ್ನ ನೋಡೋಳಾಗೋದು ನನ್ನ ಕೈಲಾಗಲ್ಲ.”

ನಾನು ಆಗ ಹೊಸಬಳು. ಮನಶ್ಶಾಸ್ತ್ರಕ್ಕೆ ಬರುವ ಮೊದಲು ಶರೀರಕ್ರಿಯಾಶಾಸ್ತ್ರ ಓದಿದವಳಾದ್ದರಿಂದ ಭಯವನ್ನು ಹಂತಹಂತವಾಗಿ ಬಿಡಿಸುವ ವಿಧಾನ ನನಗೆ ಪ್ರಿಯವಾಗಿತ್ತು. ಹೆದರಿಕೆ ಹುಟ್ಟಿಸುವ ಸಂಗತಿಯನ್ನು ಚಿಕ್ಕಚಿಕ್ಕ ಪಾಲು ಮಾಡಿ, ಅತಿ ಸುಲಭದ್ದರಿಂದ ಶುರುಮಾಡಿ, ಒಂದೊಂದರ ಜೊತೆಗೂ ದೇಹ ಸುಮ್ಮನಾಗುವ ತನಕ ಇರುವುದು. ದೇಹ ಎಂದೆಂದಿಗೂ ಕೂಗುತ್ತಲೇ ಇರಲಾರದು. ಬಿಟ್ಟು ಓಡದಿದ್ದರೆ ಅದೇ ದಣಿದು ಸುಮ್ಮನಾಗುತ್ತದೆ.

ಹೀಗೆ ಶುರುವಾಯಿತು ನಮ್ಮ ಫೋನಿನ ಪಾಠ. ಮೊದಲು ವೈರು ಕಿತ್ತ ಫೋನನ್ನು ಮೇಜಿನ ಮೇಲಿಟ್ಟು ನೋಡುತ್ತ ಕೂತೆವು. ಆಮೇಲೆ ರಿಸೀವರ್ ಎತ್ತುವುದು. ಆಮೇಲೆ ಪಟಾಕಿ ಹೊರಗಿನ ಮೇಜಿನಿಂದ ರಿಂಗ್ ಮಾಡುವುದು. ಆಮೇಲೆ “ನಮಸ್ಕಾರ, ದೂರು ವಿಭಾಗ” ಎನ್ನುವುದು. ಆಪರೇಟರಮ್ಮ ಎಲ್ಲವನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮಾಡಿದರು. ಪಟಾಕಿಯೇ ಒಳಗೆ ಇಣುಕಿ, “ಇವರಿಗೆ ಭಯ ಅಂತ ಯಾರಂದ್ರು? ನನಗಿಂತ ಚೆನ್ನಾಗಿ ಮಾತಾಡ್ತಾರೆ. ನನ್ನ ಕುರ್ಚಿಗೆ ಕಣ್ಣು ಹಾಕಿದಾರೋ ಏನೋ” ಎಂದಳು.

ಆದರೆ ಪ್ರತಿ ವಾರವೂ ಅವರು ಬಂದು ಹೇಳುವುದು ಅದೇ. ಕೆಲಸದಲ್ಲಿ ಏನೂ ಬದಲಾಗಿಲ್ಲ. ಎದೆ, ಗಂಟಲು, ಬಾತ್‌ರೂಮು.

ನಾನು ನಮ್ಮ ಹಿರಿಯರನ್ನು ಕೇಳಿದೆ. ಕ್ಲಿನಿಕ್ಕಿನ ಇನ್ನೊಂದು ಕೋಣೆ ಅವರದು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಕೆಳಗಿನ ಅಂಗಡಿಯವನು ಎಷ್ಟು ಸಲ ಹೇಳಿದರೂ ಅದರ ಸಡಿಲ ಕಾಲನ್ನು ಬಿಗಿಮಾಡಿಸದೆ ಓಡಾಡುತ್ತಿದ್ದವರು. “ಭಯ ಬಿಡಿಸೋ ಮೆಟ್ಟಿಲು ಚೆನ್ನಾಗೇ ಕಟ್ಟಿದೀಯಮ್ಮ,” ಎಂದರು. “ಆ ಮೆಟ್ಟಿಲು ಅವರ ಮನೆಗೇ ಹೋಗುತ್ತೋ ಪಕ್ಕದ ಮನೆಗೆ ಹೋಗುತ್ತೋ, ಅದನ್ನ ನೋಡು.”

ನೋಡುವ ಅವಕಾಶ ನಾನಾಗಿ ಹುಡುಕಿದ್ದಲ್ಲ. ಒಂದು ಮಧ್ಯಾಹ್ನ ಪಟಾಕಿ ರಜೆ ಹಾಕಿದ್ದಳು. ಹೊರಗಿನ ಮೇಜಿನಿಂದ ನಾನೇ ಫೋನ್ ಮಾಡಿದೆ. ಪಟಾಕಿಯಾದರೆ, “ನಮ್ಮ ಫೋನ್ ಸತ್ತೋಗಿದೆ, ಯಾವಾಗ ಬರ್ತೀರಾ?” ಎಂದಷ್ಟೇ ಕೇಳಿ ಇಡುತ್ತಿದ್ದಳು. ನನಗೆ ಹಾಗೆ ನಟಿಸಲು ಬರಲಿಲ್ಲ. ಏನು ಹೇಳಲಿ ಎಂದು ತಡವರಿಸಿ, ನಿಜವಾಗಿ ತಲೆಯಲ್ಲಿದ್ದುದನ್ನೇ ಹೇಳತೊಡಗಿದೆ: ನನ್ನ ಬಾಡಿಗೆ ಮನೆಯ ಛಾವಣಿ ಸೋರುತ್ತಿದೆ, ಮಾಲೀಕರಿಗೆ ಹೇಳಿದರೆ ನಾನೇ ಮೇಲೆ ಹೋಗಿ ಹೆಂಚು ಒಡೆದಂತೆ ಮುಖ ಮಾಡುತ್ತಾರೆ, ನಿನ್ನೆ ನನ್ನ ಪುಸ್ತಕದ ಕಪಾಟು ಒದ್ದೆಯಾಯಿತು...

ಆ ಕಡೆ ಸದ್ದಿಲ್ಲ. ಹಲೋ ಎಂದೆ. ಉತ್ತರವಿಲ್ಲ. ಒಳಗೆ ಹೋದರೆ ರಿಸೀವರ್ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಆಪರೇಟರಮ್ಮ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತು, ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡಿದ್ದರು. ಕತ್ತು ಬೆವರಿನಿಂದ ತೊಯ್ದಿತ್ತು.

“ಏನಾಯ್ತು?”

“ಅದು ನಿಮ್ಮ ಮನೆ ವಿಷಯ ಡಾಕ್ಟ್ರಮ್ಮ. ನಾನು ಕೇಳಬಾರದು.”

ಅಂದರೆ, ಇಷ್ಟು ವಾರ ನಾನು ಫೋನಿನ ಗಂಟೆಗೆ ಚಿಕಿತ್ಸೆ ಮಾಡುತ್ತಿದ್ದೆ. ಹೆದರಿಕೆ ಗಂಟೆಯಲ್ಲಿ ಇರಲೇ ಇಲ್ಲ. ಆ ಕಡೆಯವರು ತಮ್ಮ ಕಷ್ಟವನ್ನು ಹೇಳತೊಡಗಿದ ಕ್ಷಣದಲ್ಲಿತ್ತು.

ಆ ದಿನ ಫೋನನ್ನು ಪಕ್ಕಕ್ಕೆ ಸರಿಸಿ, ಬೋರ್ಡಿನ ವಿಷಯ ಹೇಳಿ ಎಂದೆ. ಅವರ ಮುಖವೇ ಬೇರೆಯಾಯಿತು. ನನ್ನ ಮೇಜು ಬೋರ್ಡಾಯಿತು, ಪೆನ್ನುಗಳು ಪ್ಲಗ್ಗುಗಳಾದವು. ಉದ್ದನೆಯ ಕೋಣೆ, ಸಾಲಾಗಿ ಎತ್ತರದ ಸ್ಟೂಲುಗಳು, ಎದುರಿಗೆ ಗೋಡೆಯಷ್ಟು ದೊಡ್ಡ ಬೋರ್ಡು. ಅದರ ತುಂಬ ರಂಧ್ರಗಳು, ಪುಟ್ಟ ದೀಪಗಳು. ದೀಪ ಹತ್ತಿದರೆ ಅಲ್ಲಿ ಪ್ಲಗ್ ಚುಚ್ಚಿ, ಮುಂದಿನ ಕೀಯನ್ನು, ಅಂದರೆ ಪುಟ್ಟ ಸ್ವಿಚ್ಚನ್ನು, ತಳ್ಳಿ ‘ನಂಬರ್ ಹೇಳಿ’ ಎನ್ನಬೇಕು. ಜೋಡಿ ಪ್ಲಗ್ಗನ್ನು ಅವರು ಕೇಳಿದ ನಂಬರಿಗೆ ಚುಚ್ಚಬೇಕು. ಅತ್ತ ಕಡೆಯವರು ಹಲೋ ಎಂದ ಕೂಡಲೇ ಕೀಯನ್ನು ಹಿಂದಕ್ಕೆಳೆಯಬೇಕು.

“ಕೀ ಹಿಂದಕ್ಕೆ ಬಂದ್ರೆ ನಮಗೆ ಏನೂ ಕೇಳಿಸಲ್ಲ. ಎಳೆಯೋದು ಒಂದು ಕ್ಷಣ ತಡ ಆದ್ರೂ ಕಳ್ಳತನ ಮಾಡಿದ ಹಾಗೆ,” ಎಂದರು. ಅವರ ಬಲಗೈ ಮೇಜಿನ ಅಂಚಿನಲ್ಲಿ ಇಲ್ಲದ ಕೀಯನ್ನು ಎಳೆಯುತ್ತಿತ್ತು. “ಎಂಥ ದಿನಗಳು ಅಂತೀರಿ. ಹೊರಗೆ ಊರು ಮಲಗಿದ್ರೂ ನಮ್ಮ ಬೋರ್ಡಲ್ಲಿ ದೀಪ ಮಿಣಮಿಣ ಅಂತಿತ್ತು. ಮೂರು ಕೈ ಇದ್ದಿದ್ರೆ ಅನ್ನಿಸ್ತಿತ್ತು. ಪಕ್ಕದವಳ ಕೈ ನನ್ನ ಮುಂದೆ ಹಾದು ಹೋಗುತ್ತೆ, ನನ್ನದು ಅವಳ ಮುಂದೆ. ಒಬ್ಬರಿಗೊಬ್ಬರು ತಾಗಿಸ್ತಾನೇ ಇರ್ಲಿಲ್ಲ.”

“ಪಕ್ಕದವರು ಯಾರಿದ್ರು?”

ಅವರು ಒಂದು ಪೆನ್ನನ್ನು ಎತ್ತಿ ಪಕ್ಕಕ್ಕಿಟ್ಟರು. “ಗುಬ್ಬಿ ಅಂತಿದ್ವಿ. ಸಣ್ಣಗಿದ್ಲು, ಸದಾ ಚಿಲಿಪಿಲಿ. ಬಿಡುವಲ್ಲಿ ನನ್ನ ಜಡೇನ ಸ್ಟೂಲಿಗೆ ಕಟ್ಟಿಬಿಡ್ತಿದ್ಲು ಕತ್ತೆ.” ನಕ್ಕರು. “ಒಂದು ದಿನ ಯಾರೋ ಹೆಂಗಸು ಆಸ್ಪತ್ರೆಯಿಂದ ಮನೆಗೆ ಫೋನ್ ಮಾಡಿ ಅಳ್ತಿದ್ರಂತೆ. ಗುಬ್ಬಿ ಕೀ ಎಳೀಲಿಲ್ಲ. ‘ಅಳಬೇಡಿ ಅಮ್ಮ’ ಅಂದುಬಿಟ್ಲು. ಅಷ್ಟೇ. ‘ಯಾರದು ನಡುವೆ?’ ಅಂತ ಆ ಕಡೆಯವರು ಗಲಾಟೆ ಮಾಡಿದ್ರು. ಮೇಲ್ವಿಚಾರಕಿ ಬಂದು ಗುಬ್ಬಿಯ ಹೆಡ್‌ಸೆಟ್ಟನ್ನ ತಲೆಯಿಂದ ತೆಗೆದ್ರು. ಬೈಯಲೂ ಇಲ್ಲ. ಕನ್ನಡಕ ತೆಗೆದ ಹಾಗೆ ಮೆತ್ತಗೆ ತೆಗೆದ್ರು. ಸಂಜೆ ಅವಳ ಸ್ಟೂಲು ಖಾಲಿ.”

“ಆಗ ನೀವು?”

“ನನ್ನ ಬೋರ್ಡಲ್ಲಿ ದೀಪ ಹತ್ತಿತ್ತು. ‘ನಂಬರ್ ಹೇಳಿ’ ಅಂದೆ.”

ಕೆಳಗಿನ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಶುರುವಾಗಿ ನಮ್ಮ ನೆಲ ಸಣ್ಣಗೆ ಅದುರಿತು. ಆಪರೇಟರಮ್ಮ ಪೆನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೇಳಿದರು: “ಕೇಳಿಸಿಕೊಳ್ಳೋದು ನಿಮ್ಮ ಕೆಲಸ. ಕೇಳಿಸಿಕೊಳ್ಳದೇ ಇರೋದು ನಮ್ಮ ಕೆಲಸ ಆಗಿತ್ತು. ಅದರಲ್ಲಿ ನನ್ನಷ್ಟು ಪಳಗಿದವರು ಯಾರೂ ಇರ್ಲಿಲ್ಲ ಡಾಕ್ಟ್ರಮ್ಮ.”

ಆ ಮಾತಿನಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಆ ಹೆಮ್ಮೆಯನ್ನು ಕಾಯಿಲೆ ಎಂದು ಕರೆಯಲು ನನಗೆ ಮನಸ್ಸಾಗಲಿಲ್ಲ. ಊರಿನ ಗುಟ್ಟುಗಳನ್ನೆಲ್ಲ ತನ್ನ ಕೈಯಿಂದ ದಾಟಿಸಿ ಒಂದನ್ನೂ ಇಟ್ಟುಕೊಳ್ಳದವರು ಅವರು. ಅವರ ದೇಹ ಕಾವಲುಗಾರನ ಹಾಗೆ ಇನ್ನೂ ಅದೇ ಬಾಗಿಲು ಕಾಯುತ್ತಿತ್ತು. ಬಾಗಿಲು ಬದಲಾಗಿದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮೆಟ್ಟಿಲನ್ನು ಕಳಚಿ ಹೊಸದಾಗಿ ಕಟ್ಟಿದೆವು. ಈ ಸಲ ಪ್ರತಿ ಹಂತದಲ್ಲೂ ಒಂದೇ ಕೆಲಸ: ಹೇಳುವವರು ಹೇಳಿ ಮುಗಿಸುವ ತನಕ ಕೇಳುವುದು. ಮೊದಲು ಹಿರಿಯರು ತಮ್ಮ ಮೊಣಕಾಲು ನೋವಿನ ಕಥೆ ಹೇಳಿದರು. ಅದರಲ್ಲಿ ಗುಟ್ಟೇನೂ ಇರಲಿಲ್ಲ, ಓಣಿಗೆಲ್ಲ ಗೊತ್ತಿದ್ದದ್ದೇ. ಆಮೇಲೆ ನನ್ನ ಸೋರುವ ಛಾವಣಿ. ಆಮೇಲೆ ಪಟಾಕಿಯ ಸರದಿ ಬಂತು. ಅವಳಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

“ನಮ್ಮತ್ತೆ ಇದಾರಲ್ಲ ಮೇಡಂ,” ಎಂದು ಹೊರಗಿನ ಫೋನಿನಲ್ಲಿ ಶುರುಮಾಡಿದಳು, “ನಾನು ಒಗೆದ ಬಟ್ಟೇನ ಮತ್ತೆ ಒಗೀತಾರೆ. ನನ್ನೆದುರಿಗೇ! ಒಗೆದಿದ್ದನ್ನ ಒಗೆಯೋರನ್ನ ಎಲ್ಲಾದ್ರೂ ಕಂಡಿದೀರಾ?”

ಒಳಗೆ ಆಪರೇಟರಮ್ಮನ ಬಲಗೈ ಮೇಜಿನ ಅಂಚಿಗೆ ಹೋಯಿತು. ನಾನು ಕಣ್ಣಿನಲ್ಲೇ ‘ಇರಲಿ’ ಎಂದೆ. ಬೆರಳುಗಳು ಕೀಯನ್ನು ಹುಡುಕಿದವು, ಸಿಗಲಿಲ್ಲ, ಅಲ್ಲೇ ಉಳಿದವು. ಉಸಿರು ಮೇಲೇರಿತು. ಪಟಾಕಿ ನಿಲ್ಲಿಸುವ ಸೂಚನೆಯೇ ಇಲ್ಲ. ಬಟ್ಟೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ನಾದಿನಿಯ ಮದುವೆಗೆ ಹೋದಳು. ನಾನು ಆಪರೇಟರಮ್ಮನ ಕತ್ತಿನ ನಾಡಿಯನ್ನೇ ನೋಡುತ್ತಿದ್ದೆ. ಅದರ ಬಡಿತ ಏರಿ, ಏರಿದಲ್ಲೇ ಬಹಳ ಹೊತ್ತು ನಿಂತು, ಕೊನೆಗೆ ಇಳಿಯತೊಡಗಿತು. ಇಷ್ಟು ವರ್ಷಗಳಲ್ಲಿ ಎಷ್ಟೋ ಜನರ ಭಯ ಹೀಗೆ ಇಳಿಯುವುದನ್ನು ಕಂಡಿದ್ದೇನೆ. ನನಗಿನ್ನೂ ಅದು ಹಳತಾಗಿಲ್ಲ.

“ಆಮೇಲೆ?” ಎಂದರು ಆಪರೇಟರಮ್ಮ ಫೋನಿಗೆ.

ಹೊರಗೆ ಪಟಾಕಿ ಒಂದು ಕ್ಷಣ ತಬ್ಬಿಬ್ಬಾದಳು. “ಆಮೇಲೆ... ಆಮೇಲೇನು ಮೇಡಂ, ನಾನೂ ಅವರು ಮಾಡಿದ ಸಾರಿಗೆ ಮತ್ತೆ ಉಪ್ಪು ಹಾಕ್ದೆ.”

ಇಬ್ಬರೂ ನಕ್ಕ ನಗು ಗೋಡೆಯಾಚೆಯಿಂದಲೂ ಫೋನಿನಿಂದಲೂ ಒಟ್ಟಿಗೇ ಕೇಳಿಸಿತು.

ಆ ವಾರದಿಂದ ಕೆಲಸದಲ್ಲೂ ಒಂದೊಂದೇ ಕರೆ ದಕ್ಕತೊಡಗಿತು. ದಿನಕ್ಕೆ ಒಂದನ್ನು ಪೂರ್ತಿ ಕೇಳಿದೆ, ಇವತ್ತು ಓಡಲಿಲ್ಲ, ಇವತ್ತು ಓಡಿದೆ, ಎಂದು ಬಂದು ಹೇಳುತ್ತಿದ್ದರು. ಓಡಿದ ದಿನ ಗಂಡನ ಮೇಲೆ ರೇಗುತ್ತಿದ್ದರಂತೆ. ಅವರಿಗೆ ಹೇಗೂ ಕೇಳಿಸದು ಎಂಬ ಧೈರ್ಯ.

ಪರೀಕ್ಷೆಯ ಹಿಂದಿನ ಭೇಟಿಯಲ್ಲಿ ಅವರ ಮುಖ ಮತ್ತೆ ಮೊದಲ ದಿನದಂತಿತ್ತು. ಚಿಂತೆ ಕರೆಗಳದ್ದಲ್ಲ. ಎರಡನೇ ಹೆಡ್‌ಸೆಟ್ಟಿನದು.

“ಕರೆ ಮಾಡಿದವರು ನನಗೆ ಅಂತ ಹೇಳ್ತಾರೆ. ಇನ್ನೊಬ್ಬರು ಕದ್ದು ಕೇಳ್ತಿರ್ತಾರೆ. ಗುಬ್ಬಿ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಡಾಕ್ಟ್ರಮ್ಮ? ಅವಳು ಪಾಪ, ಬಾಯಿ ಬಿಟ್ಟಾದ್ರೂ ಹೇಳಿದ್ಲು.”

ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ಅದು ಅವರ ಪ್ರಶ್ನೆಗೆ ಅವಮಾನ ಮಾಡಿದ ಹಾಗಾಗುತ್ತಿತ್ತು. “ಇದು ಬರೀ ಭಯ ಅಂತ ನನಗನ್ನಿಸಲ್ಲ,” ಎಂದೆ. “ನಿಮಗೆ ಸರಿ ಅನ್ನಿಸಿದ್ದನ್ನ ಮಾಡಿ. ಆದ್ರೆ ಕುರ್ಚಿ ಬಿಟ್ಟು ಮಾತ್ರ ಏಳಬೇಡಿ.”

ಪರೀಕ್ಷೆಯ ಮರುದಿನ ಅವರು ಮೆಟ್ಟಿಲು ಹತ್ತಿದ ಸದ್ದಿನಿಂದ ನನಗೇನೂ ತಿಳಿಯಲಿಲ್ಲ. ಒಳಗೆ ಬಂದು ಕೂತು, ನೀರು ಕುಡಿದು, ಇಡೀ ಬೆಳಗನ್ನು ಅವರವರದೇ ದನಿಗಳಲ್ಲಿ ನನ್ನ ಮುಂದಿಟ್ಟರು.

ಮೇಲಧಿಕಾರಿ ಬಂದರು. ಯಾವಾಗಲೂ ಟೈ ಕಟ್ಟುವ ಮನುಷ್ಯ, ಆದ್ದರಿಂದ ಅವರಿಗೆ ‘ಟೈ ಸಾಹೇಬರು’ ಎಂದೇ ಹೆಸರು. ಪಕ್ಕದಲ್ಲಿ ಕೂತು ಹೆಡ್‌ಸೆಟ್ ಸಿಕ್ಕಿಸಿಕೊಂಡರು. ಕೂಡಲೇ ಇವರಿಗೆ ಕರೆಯ ಸದ್ದು ಒಂದು ಎಳೆ ತೆಳ್ಳಗಾದಂತೆ ಕೇಳಿಸಿತು. ಮೊದಲ ಕರೆ ಒಬ್ಬ ಮುದುಕರದು. ಅವರ ಫೋನು ತಾನಾಗಿಯೇ ರಿಂಗಾಗಿ ಮಧ್ಯಾಹ್ನದ ನಿದ್ದೆ ಕೆಡಿಸುತ್ತದೆ. ಮುದುಕರು ಮಾತು ಶುರುಮಾಡಿದ್ದೇ ಇವರ ಗಂಟಲು ಕಟ್ಟಿತು.

“ಕುರ್ಚಿಯ ಕೈ ಹಿಡ್ಕೊಂಡೆ. ಆಮೇಲೆ ಹೇಳಿಬಿಟ್ಟೆ. ‘ಅಜ್ಜ, ಒಂದು ನಿಮಿಷ. ಈ ಕರೇನ ನಮ್ಮ ಸಾಹೇಬರೂ ಕೇಳ್ತಿದಾರೆ. ಪರವಾಗಿಲ್ವಾ?’ ಅಂದೆ.”

“ಅಜ್ಜ ಏನಂದ್ರು?”

“‘ಕೇಳಲಿ ಬಿಡಮ್ಮ, ಇಬ್ಬರು ಕೇಳಿದ್ರೆ ಒಬ್ಬರಾದ್ರೂ ರಿಪೇರಿ ಮಾಡ್ತೀರಿ’ ಅಂದ್ರು!”

ಗಂಟಲು ಬಿಟ್ಟಿತಂತೆ. ಮುದುಕರ ಕಥೆಯನ್ನು ಕೊನೆಯವರೆಗೆ ಕೇಳಿದರು. ಆ ಬೆಳಗಿನ ಪ್ರತಿ ಕರೆಗೂ ಅದನ್ನೇ ಮೊದಲು ಹೇಳಿದರು. ಒಬ್ಬಳು ಮಾತ್ರ, “ಹಾಗಾದ್ರೆ ಬೇಡ, ನಾಳೆ ಮಾಡ್ತೀನಿ” ಎಂದು ಇಟ್ಟಳು. ಟೈ ಸಾಹೇಬರ ಕಿವಿ ಕೆಂಪಗಾಗುತ್ತಿದ್ದುದು ಹೆಡ್‌ಸೆಟ್ಟಿನ ಅಂಚಿನಲ್ಲಿ ಕಾಣುತ್ತಿತ್ತು.

“ಮುಗಿದ ಮೇಲೆ ಹೆಡ್‌ಸೆಟ್ ಇಟ್ಟು, ‘ಏನಮ್ಮ ಇದು? ನಾನು ಕೇಳ್ತಿರೋದನ್ನ ಡಂಗುರ ಹೊಡೆದ್ರೆ ಪರೀಕ್ಷೆ ಹೇಗಾಗುತ್ತೆ? ಇನ್ಮೇಲೆ ಹೇಳಬಾರದು’ ಅಂದ್ರು. ‘ಹೇಳ್ದೆ ಇದ್ರೆ ನನ್ನ ಕೈಲಾಗಲ್ಲ ಸಾರ್’ ಅಂದೆ. ಅಂದಮೇಲೆ ಅನ್ನಿಸ್ತು, ಮುಗೀತು ಕಥೆ, ಇನ್ನು ಕಿಟಕಿಯೇ ಗತಿ.”

ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಚಿಕಿತ್ಸಕರು ಹಾಗೆ ಕೂರಬಾರದು.

“ಪಕ್ಕದವಳು ಇದಾಳಲ್ಲ, ಇಷ್ಟು ದಿನ ನನ್ನ ಕರೆ ತಗೋತಿದ್ದೋಳು, ಅವಳು ಕೂತಲ್ಲಿಂದಲೇ, ‘ಸಾರ್, ಹೇಳಬಾರದು ಅಂತ ರೂಲಿದೆಯಾ?’ ಅಂದ್ಲು. ಸಾಹೇಬರು ಟೈ ಸರಿ ಮಾಡ್ಕೊಂಡ್ರು. ‘ರೂಲೇನೂ ಇಲ್ಲ’ ಅಂದ್ರು. ‘ಯಾರೂ ಇಲ್ಲೀವರೆಗೆ ಹೇಳಿರ್ಲಿಲ್ಲ, ಅದಕ್ಕೆ ರೂಲು ಮಾಡಿಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ನಿದ್ದೆ ಕೆಟ್ಟ ಆ ಮುದುಕರನ್ನ ಅಷ್ಟು ಹೊತ್ತು ಹೇಗಮ್ಮ ಸಹಿಸಿದ್ರಿ? ನಾನೇ ಎದ್ದು ಹೋಗೋಣ ಅಂದ್ಕೊಂಡಿದ್ದೆ’ ಅಂದ್ರು.”

“ಅಂದ್ರೆ?”

“ಅಂದ್ರೆ ಖಾಯಂ, ಡಾಕ್ಟ್ರಮ್ಮ.” ಅಷ್ಟು ಹೇಳಿ, ಅಷ್ಟೂ ತಿಂಗಳಲ್ಲಿ ಅಳದವರು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಳಬೇಡಿ ಎಂದು ನಾನು ಹೇಳಲಿಲ್ಲ. ಅವರು ಅತ್ತು ಮುಗಿಸುವ ತನಕ ಕೂತಿದ್ದೆ.

ಕೆಲವು ತಿಂಗಳ ನಂತರ ನಮ್ಮ ಕ್ಲಿನಿಕ್ಕಿನ ಫೋನು ಕೈಕೊಟ್ಟಿತು. ಕೆಳಗಿನ ಅಂಗಡಿಗೆ ಹೋಗಿ, ಕನ್ನಡಕಗಳ ಸಾಲಿನ ನಡುವೆ ನಿಂತು ದೂರು ವಿಭಾಗಕ್ಕೆ ಫೋನ್ ಮಾಡಿದೆ. ಎತ್ತಿಕೊಂಡ ದನಿ ಮಡಿಸಿಟ್ಟಂತಿತ್ತು. ನಾನು ಹೆಸರು ಹೇಳಲಿಲ್ಲ. ನಮ್ಮಲ್ಲಿ ಬಂದುಹೋದವರನ್ನು ನಾವಾಗಿ ಗುರುತು ಹಿಡಿದು ಮಾತಾಡಿಸುವಂತಿಲ್ಲ. ಅವರೂ ಕೇಳಲಿಲ್ಲ. ಆದರೆ ನನ್ನ ಮೊದಲ ಮಾತಿಗೇ ಅತ್ತ ಕಡೆ ಒಂದು ಚಿಕ್ಕ ತಡೆ ಬಂತು, ಮುಗುಳುನಗೆಯಷ್ಟು ಉದ್ದದ್ದು.

ಫೋನು ಸತ್ತಿದೆ ಎಂದರೆ ಸಾಕಿತ್ತು. ನಾನು ಯಾವಾಗಿನಿಂದ ಗೊರಗೊರ ಎನ್ನುತ್ತಿತ್ತು ಎಂದೂ ಹೇಳಿದೆ, ನಮ್ಮ ಹುಡುಗಿ ಅದಕ್ಕೆ ಎರಡೇಟು ಬಿಟ್ಟಿದ್ದನ್ನೂ ಹೇಳಿದೆ, ಕರೆ ಮಾಡಿ ಸಿಗದೆ ಜನ ಕಷ್ಟಪಟ್ಟಿದ್ದನ್ನೂ ಹೇಳಿದೆ. ಅಂಗಡಿಯವನು ಗಡಿಯಾರ ನೋಡಿಕೊಂಡ. ಅತ್ತ ಕಡೆ ಅವಸರವೇ ಇರಲಿಲ್ಲ.

“ಇನ್ನೂ ಏನಾದ್ರೂ ಇದ್ರೆ ಹೇಳಿ,” ಎಂದರು ಅವರು. ಇತ್ತು. ಹೇಳಿದೆ.